ಮಸ್ಕಿ ದಾಟದ ಬಸ್ಸು

ನಮ್ಮ ಕಾಕಾ ನಿವೃತ್ತರಾದ ಮೇಲೆ ಸಿಂಧನೂರಿನಿಂದ ಲಿಂಗಸುಗೂರಿಗೆ ನೂರಾರು ಸಲ ಬಸ್ಸು ಹೊರಡಿಸಿದ್ದಾರೆ. ಒಂದು ಸಲವೂ ಅದು ಮಸ್ಕಿ ದಾಟಿಲ್ಲ. ಮಸ್ಕಿ ಹಳ್ಳದ ಸೇತುವೆ ಬಂದ ಕೂಡಲೇ ಬಸ್ಸು ಪ್ರಯಾಣಿಕರ ಸಮೇತ ನೆಲದೊಳಗೆ ಇಳಿದುಹೋಗುತ್ತದೆ. ಕಾಕಾ ಎದ್ದು ಒಂದು ಲೋಟ ನೀರು ಕುಡಿದು, ಮತ್ತೆ ಸಿಂಧನೂರಿನಿಂದ ಹೊರಡುತ್ತಾರೆ. ಎರಡು ಕಡೆಯಿಂದ ಖಚಿತವಾಗದ ಸುದ್ದಿ ಬರೆಯಬಾರದು ಎಂಬುದು ನಾನು ಕೆಲಸ ಮಾಡುವ ಪತ್ರಿಕೆಯ ನಿಯಮ. ಇದು ಖಚಿತವಾಗಿದೆ: ಒಂದು ಕಡೆ ಕಾಕಾ, ಇನ್ನೊಂದು ಕಡೆ ಅವರ ಹೆಂಡತಿ, ನಮ್ಮ ಚಿಗವ್ವ.

ಗಾಬರಿಯಾಗಬೇಡಿ, ಇದು ಕಂಪ್ಯೂಟರಿನೊಳಗಿನ ಬಸ್ಸು. ಬಸ್ಸು ಓಡಿಸುವ ಆಟವೊಂದಿದೆ. ಅದನ್ನು ಮಾಡಿದ ಕಂಪನಿಗೆ ಮಸ್ಕಿ ಎಲ್ಲಿದೆ ಎಂದು ಹೇಗೆ ಗೊತ್ತಿರಬೇಕು? ಹಾಗಾಗಿ ಆಡುವವರೇ ತಮ್ಮೂರಿನ ರಸ್ತೆ, ಬಸ್ಸು ತಯಾರಿಸಿ ಆಟಕ್ಕೆ ಸೇರಿಸುತ್ತಾರೆ. ಇವಕ್ಕೆ ಮಾಡ್ ಎನ್ನುತ್ತಾರೆ. ನಮ್ಮ ರಸ್ತೆಯನ್ನು ಮಾಡಿದವರು ಸಿಂಧನೂರಿನ ಬಳಿ ನಿರಾಶ್ರಿತರಿಗಾಗಿ ಕಟ್ಟಿದ ಆರ್.ಎಚ್. ಕ್ಯಾಂಪಿನ ಒಬ್ಬ ಬಂಗಾಳಿ ರೈತರು. ಭತ್ತದ ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಒಂದು ತಗ್ಗನ್ನೂ ಬಿಡದೆ ಕಟ್ಟಿದ್ದಾರೆ. ಬಸ್ಸನ್ನು ಮಾಡಿದವರು ಹಟ್ಟಿಯ ಚಿನ್ನದ ಗಣಿಯಲ್ಲಿ ಶಿಫ್ಟ್ ದುಡಿಯುವ ಒಬ್ಬರು. ಕಿಟಕಿ ಗಲಗಲ ಎನ್ನುವುದರಿಂದ ಹಿಡಿದು ಗೇರು ಕಿರುಗುಟ್ಟುವುದರವರೆಗೆ ಎಲ್ಲ ಅದರಲ್ಲಿದೆ. ರಸ್ತೆ ಒಂದೇ ಇದ್ದರೆ ಚಂದ, ಬಸ್ಸು ಒಂದೇ ಇದ್ದರೂ ಚಂದ. ಎರಡನ್ನೂ ಸೇರಿಸಿದರೆ ಜಲಸಮಾಧಿ, ಅದೂ ನೀರಿಲ್ಲದ ಹಳ್ಳದಲ್ಲಿ!

ಇಷ್ಟೆಲ್ಲ ಕಾಕಾ ಯಾಕೆ ಮೈಮೇಲೆ ಹಾಕಿಕೊಂಡರು? ಒಬ್ಬ ಪ್ರಯಾಣಿಕರಿಗಾಗಿ. ಕಾಕಾ ಡ್ರೈವರ್ ಆಗಿದ್ದಷ್ಟು ಕಾಲವೂ ಅವರ ಬಸ್ಸಿಗೆ ಬಹುತೇಕ ಒಬ್ಬರೇ ಕಂಡಕ್ಟರ್, ಮಸ್ಕಿಯವರು. ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದುಹಾಕಿತು. ಒಮ್ಮೆ ಬಸ್ಸು ಹತ್ತುವಾಗ ಯಾರೋ ಕೈ ಹಿಡಿದು ಸೀಟಿನಲ್ಲಿ ಕೂರಿಸಿದರಂತೆ. ತಾವು ಎಷ್ಟೋ ಜನರನ್ನು ಹತ್ತಿಸಿ ಕೂರಿಸಿದ ಬಸ್ಸು ಅದು. ಅಂದಿನಿಂದ ಅವರು ಬಸ್ಸು ಹತ್ತಿಲ್ಲ. ಕಾಕಾ ಹೋಗಿ ಎಷ್ಟು ಹೇಳಿದರೂ ಒಂದೇ ಮಾತು: “ಹತ್ತಿದ್ರ ನಿನ್ನ ಬಸ್ಸ ಹತ್ತತೀನಿ. ಇಲ್ಲಂದ್ರ ಇಲ್ಲ.”

“ಹಂಗಾದ್ರ ನಮ್ಮ ಮನಿಗೆ ಬಾ, ಬಸ್ಸ ಐತಿ,” ಎಂದರು ಕಾಕಾ.

ಅದು ಕಂಪ್ಯೂಟರಿನ ಬಸ್ಸು ಎಂದು ತಿಳಿದ ಮೇಲೆ ಅವರು ಹೇಳಿದರಂತೆ, “ಒಂದ ಸಲ ಬರ್ತೀನಿ. ನಡಬರಕ ನಿಂತಿತಂದ್ರ ಮತ್ತ ಕರೀಬ್ಯಾಡ.”

ನಡಬರಕ ಎಂದರೆ ನಡುದಾರಿಯಲ್ಲಿ, ಈ ದಾರಿಯ ನಡುವೆ ಇರುವುದು ಮಸ್ಕಿ. ಬಸ್ಸು ಮುಳುಗುವುದೂ ಅಲ್ಲೇ.

ಕಾಕಾ ಆಡುವ ರೀತಿಯನ್ನೂ ಹೇಳಬೇಕು. ಖಾಕಿ ಅಂಗಿ ಹಾಕದೆ ಸ್ಟೇರಿಂಗ್ ಮುಟ್ಟುವುದಿಲ್ಲ. ಊಟದ ತಾಟಿನಷ್ಟಿರುವ ಆ ಸ್ಟೇರಿಂಗಿಗೆ ಅಮಾವಾಸ್ಯೆಯ ದಿನ ಲಿಂಬೆಹಣ್ಣು ಕಟ್ಟುತ್ತಾರೆ. ಎಲ್ಲಕ್ಕಿಂತ ಮುಖ್ಯ, ಹಿಂದೆ ನಿಂತು ಯಾರಾದರೂ “ಬರ್ಲಿ, ಬರ್ಲಿ” ಎನ್ನದೆ ಬಸ್ಸನ್ನು ರಿವರ್ಸ್ ತೆಗೆಯುವುದೇ ಇಲ್ಲ. ಪರದೆಯ ಮೇಲೆ ಹಿಂದಿನದೆಲ್ಲ ಕಾಣುವ ಕನ್ನಡಿ ಇದೆ. ಇದ್ದರೇನು? ನೌಕರಿಯಲ್ಲಿ ಇಲ್ಲದ ಅಭ್ಯಾಸ ಈಗೇಕೆ ಎನ್ನುತ್ತಾರೆ. ಆದ್ದರಿಂದ ಸಿಂಧನೂರು ನಿಲ್ದಾಣದಿಂದ ಬಸ್ಸು ಹೊರಬರಬೇಕಾದರೆ ಚಿಗವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬರಬೇಕು, ಕುರ್ಚಿಯ ಹಿಂದೆ ನಿಂತು ಅದರ ಬೆನ್ನನ್ನು ಪಟಪಟ ತಟ್ಟಬೇಕು. ಒಂದು ದಿನ ಆಕೆ ಅಡುಗೆಮನೆಯಿಂದಲೇ “ಬರ್ಲಿ” ಎಂದು ಕೂಗಿದಳು. ಕಾಕಾ ಬ್ರೇಕ್ ತುಳಿದರು.

“ನೋಡಿ ಹೇಳಬೇಕು. ನೋಡಲಾರದ ಬರ್ಲಿ ಅನ್ನಬಾರದು.”

“ಏನ ನೋಡ್ಲಿ? ನಿಮ್ಮ ಬೆನ್ನ?”

“ಹಿಂದ ಗ್ವಾಡಿ ಐತಿ.”

“ಗ್ವಾಡಿಗೆ ಬಡದ್ರ ಯಾರ ಸಾಯ್ತಾರ್ರಿ? ಹಂಚಿನ ಮ್ಯಾಲಿನ ರೊಟ್ಟಿ ಸಾಯಾಕತ್ತೈತಿ!”

ಬಸ್ಸು ಮುಳುಗಿದಾಗಲೆಲ್ಲ ಕಾಕಾ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಡಿಪೋ ಶೈಲಿಯಲ್ಲಿ ವರದಿ ಬರೆಯುತ್ತಿದ್ದರು. ‘ಮಸ್ಕಿ ಹಳ್ಳದ ಸೇತುವೆ ಬಳಿ ವಾಹನ ಭೂಮಿಯೊಳಗೆ ಹೋಗಿರುತ್ತದೆ. ಪ್ರಯಾಣಿಕರು ಕ್ಷೇಮ. ಚಾಲಕನ ತಪ್ಪು ಇರುವುದಿಲ್ಲ.’ ಇದಕ್ಕಿಂತ ಚೊಕ್ಕದಾಗಿ ಅಪಘಾತದ ಸುದ್ದಿ ಬರೆಯಲು ನನಗೆ ಬರುವುದಿಲ್ಲ. ಪುಟದ ಫೋಟೋ ತೆಗೆದು ಕ್ಯಾಂಪಿಗೂ ಹಟ್ಟಿಗೂ ಕಳಿಸುತ್ತಿದ್ದರು. ಕ್ಯಾಂಪಿನವರು ತಪ್ಪು ಬಸ್ಸಿನದು ಎನ್ನುತ್ತಿದ್ದರು, ಹಟ್ಟಿಯವರು ರಸ್ತೆಯದು ಎನ್ನುತ್ತಿದ್ದರು.

ಕೊನೆಗೆ ಕಾಕಾ ಇಬ್ಬರನ್ನೂ ಮಸ್ಕಿಯ ಹೋಟೆಲೊಂದಕ್ಕೆ ಕರೆಸಿದರು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಬಂದವು. ಮಾತು ಮಿರ್ಚಿಗಿಂತ ಖಾರವಾಗಿತ್ತು.

“ಗಣಿಯವ್ರು ಮಾಡಿದ ಬಸ್ಸ ಐತಲ್ರಿ, ನೆಲ ಕಂಡ ಕೂಡ್ಲೆ ಒಳಗ ಇಳೀತೈತಿ,” ಎಂದರು ಕ್ಯಾಂಪಿನವರು. ಅವರ ಕನ್ನಡ ನನ್ನದಕ್ಕಿಂತ ಅಚ್ಚ ಸಿಂಧನೂರಿನದು.

“ನೀವು ಗದ್ದಿ ಕೆಸರ ತಂದು ರೋಡಿಗೆ ಬಡದೀರಿ. ಬಸ್ಸ ಏನ, ಬಾತುಕೋಳಿನೂ ಮುಳಗತೈತಿ,” ಎಂದರು ಹಟ್ಟಿಯವರು.

ಕಾಕಾ ಇಬ್ಬರ ತಟ್ಟೆಗೂ ಇನ್ನೊಂದೊಂದು ಮಿರ್ಚಿ ಹಾಕಿಸಿ, “ಗಾಲಿ ಎಷ್ಟ ದೊಡ್ಡದು ಅಂತ ಬರದೀರಿ, ಇಬ್ರೂ ಹೇಳ್ರಿ,” ಎಂದರು. ಇಬ್ಬರೂ ಹೇಳಿದರು. ಎರಡು ಅಳತೆ ಎರಡು ತೆರನಾಗಿದ್ದವು! ರಸ್ತೆಯ ಲೆಕ್ಕದಲ್ಲಿ ಗಾಲಿ ಸಣ್ಣದು, ಬಸ್ಸಿನ ಲೆಕ್ಕದಲ್ಲಿ ದೊಡ್ಡದು. ಸೇತುವೆಯ ಉಬ್ಬಿನಲ್ಲಿ ಯಾರ ಮಾತು ಕೇಳಬೇಕೆಂದು ತಿಳಿಯದ ಆಟ ಬಸ್ಸನ್ನು ಕೆಳಗೆ ಬಿಟ್ಟುಬಿಡುತ್ತಿತ್ತು.

“ಗಾಲಿ ಮಾತು ಬಸ್ಸಿನವ್ರು ಆಡ್ರಿ, ತಗ್ಗಿನ ಮಾತು ರೋಡಿನವ್ರು ಆಡ್ರಿ. ಒಬ್ಬರದ್ರಾಗ ಒಬ್ಬರು ಬಾಯಿ ಹಾಕಬ್ಯಾಡ್ರಿ,” ಎಂದು ಕಾಕಾ ತೀರ್ಪು ಕೊಟ್ಟರು. ಇಬ್ಬರೂ ಕೂಡಿ ನಡುವೆ ಒಂದು ಸಣ್ಣ ಹೊಂದಾಣಿಕೆಯ ಫೈಲು ಬರೆದರು.

ಎಲ್ಲ ಮುಗಿಯಿತು ಎನ್ನುವಾಗ ನೋಟ್‌ಬುಕ್ಕಿನಿಂದ ಇನ್ನೊಂದು ಪುಟ ಬಂತು. ‘ಲಿಂಗಸುಗೂರು ನಿಲ್ದಾಣದ ಹಿಂದಿನ ಗೋಡೆ ತೆಗೆಯುವುದು.’

ಕ್ಯಾಂಪಿನವರಿಗೆ ಅಳುವೇ ಬಂತು. ಆ ಗೋಡೆಯ ಮೇಲಿನ ಎಲೆ ಅಡಿಕೆಯ ಕಲೆಗಳನ್ನೂ ಒಂದೊಂದಾಗಿ ಕೂರಿಸಿದ್ದರು ಅವರು.

“ಅದ್ರಿಂದ ಏನ ತ್ರಾಸ ಆಗೈತ್ರಿ ನಿಮಗ?” ಎಂದು ಫೋನಿನಲ್ಲಿ ಕೇಳಿದರು.

“ಹೊಂದಾಣಿಕಿ ಆಗವಲ್ದು,” ಎಂದರು ಕಾಕಾ. ಯಾವುದಕ್ಕೆ ಯಾವುದು ಹೊಂದುತ್ತಿಲ್ಲ ಎಂದು ಹೇಳಲಿಲ್ಲ. ನಾನು ಕೇಳಿದರೂ ಹೇಳಲಿಲ್ಲ. ಗೋಡೆ ಹೋಯಿತು. ಅದರ ಹಿಂದೆ ರೋಡಿನವರು ಏನನ್ನೂ ಕಟ್ಟಿರಲಿಲ್ಲವಾದ್ದರಿಂದ ಬರೀ ಬಯಲು ಉಳಿಯಿತು.

ಭಾನುವಾರ ಬೆಳಿಗ್ಗೆ ಮಸ್ಕಿಯಿಂದ ನನ್ನ ಬೈಕಿನ ಮೇಲೆ ಕಂಡಕ್ಟರನ್ನು ಕರೆತಂದೆ. ಅವರು ಕಾಕಾನ ಎಡಗಡೆಯ ಕುರ್ಚಿಯಲ್ಲಿ ಕುಳಿತರು. ಚಿಗವ್ವ ಬಂದು ಬೆನ್ನು ತಟ್ಟಿದಳು, ಬಸ್ಸು ಸಿಂಧನೂರು ಬಿಟ್ಟಿತು. ಕಿಟಕಿ ಗಲಗಲ ಎಂದಿತು, ಕಂಡಕ್ಟರ ಕತ್ತು ಅತ್ತ ಸ್ವಲ್ಪ ವಾಲಿತು. ಸ್ಪೀಡ್ ಬ್ರೇಕರ್ ಒಂದು ಬಂತು, ಎರಡು ಬಂದವು.

“ಕೆನಾಲ ದಾಟಿದ್ವಿ,” ಎಂದರು ಕಂಡಕ್ಟರು.

“ದಾಟಿದ್ವಿ,” ಎಂದರು ಕಾಕಾ.

ಮಸ್ಕಿ ಹಳ್ಳ ಬಂತು. ಕಾಕಾ ಗೇರು ಇಳಿಸಿದರು. ಬಸ್ಸು ಉಬ್ಬು ಹತ್ತಿತು, ಒಮ್ಮೆ ಕುಲುಕಿತು, ಇಳಿಯಿತು. ಸೇತುವೆಯಿಂದ, ನೆಲದೊಳಗಲ್ಲ.

“ಮಸ್ಕಿ! ಮಸ್ಕಿ ಇಳಿಯೋರು ಬರ್ರಿ ಮುಂದ!” ಎಂದು ಕಂಡಕ್ಟರು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ಅಲ್ಲಿಂದ ಲಿಂಗಸುಗೂರಿನವರೆಗೆ ಅವರ ಬಾಯಿ ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತವರನ್ನು ಬೈದರು, ಚಿಲ್ಲರೆ ಕೇಳಿದರು, “ಗಾಡಿ ಸಾವಕಾಶ ಹೊಡಿಯಲೇ,” ಎಂದು ಕಾಕಾನಿಗೂ ಗದರಿದರು.

ಲಿಂಗಸುಗೂರು ಬಂತು. ಬಸ್ಸನ್ನು ಹಿಂದಕ್ಕೆ ತೆಗೆದು ಪ್ಲಾಟ್‌ಫಾರ್ಮಿಗೆ ಹಚ್ಚಬೇಕು. ಕಾಕಾ ರಿವರ್ಸ್ ಗೇರು ಹಾಕಿ ಕಾದು ಕುಳಿತರು. ಚಿಗವ್ವ ಹಿಟ್ಟಿನ ಕೈಯಲ್ಲೇ ಬಂದಳು. ಕಾಕಾ ಕೈ ಅಡ್ಡ ಮಾಡಿ ತಡೆದರು.

ಕಂಡಕ್ಟರು ಎದ್ದರು. ಕುರ್ಚಿಯ ಬೆನ್ನನ್ನು ತಡವಿಕೊಂಡು ಹಿಂದಕ್ಕೆ ಹೋಗಿ ನಿಂತರು. ಅಂಗೈಯಿಂದ ಪಟಪಟ ತಟ್ಟಿದರು.

“ಬರ್ಲಿ… ಬರ್ಲಿ… ಬರ್ಲಿ…”

ಬಸ್ಸು ಹಿಂದೆ ಸರಿಯಿತು. ಪ್ಲಾಟ್‌ಫಾರ್ಮು ದಾಟಿತು. ಗೋಡೆಯಿದ್ದ ಜಾಗ ದಾಟಿತು. ಬಯಲಿಗೆ ಬಂತು. ನೋಡದೆ ಬರ್ಲಿ ಎನ್ನಬಾರದು ಎಂದು ಹೆಂಡತಿಯನ್ನು ಗದರಿದ್ದ ಕಾಕಾ ಆ ಧ್ವನಿ ಹೇಳಿದಷ್ಟೂ ಹಿಂದಕ್ಕೆ ಬಿಡುತ್ತಲೇ ಹೋದರು.

“ಬರ್ಲಿ… ಹೋಲ್ಡಾನ್!”

ಕಾಕಾ ಬ್ರೇಕ್ ಒತ್ತಿದರು.

“ಎಷ್ಟ ಉಳೀತು?” ಎಂದು ಕೇಳಿದರು ಕಂಡಕ್ಟರು.

“ಗೇಣು. ಗ್ವಾಡಿಗೆ ಬರೊಬ್ಬರಿ ಒಂದ ಗೇಣು.”

ಕಂಡಕ್ಟರು ನನ್ನ ಕಡೆ ಮುಖ ತಿರುಗಿಸಿದರು. “ಪೇಪರಿನವ್ರೆ, ಖರೇ ಏನ್ರಿ?”

ನಾನು ಬಾಯಿ ತೆರೆಯುವ ಮೊದಲೇ ಚಿಗವ್ವ ಪರದೆಯನ್ನೊಮ್ಮೆ ನೋಡಿ, ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು, “ಹೌದ್ರಿ ಅಣ್ಣಾರ, ಗೇಣ ಐತಿ. ನಾ ನೋಡೀನಿ.”

ಎರಡು ಕಡೆಯಿಂದ ಖಚಿತವಾಯಿತು. ಲಿಂಗಸುಗೂರಿನಲ್ಲಿ ಗೋಡೆ ಇದೆ. ಬಸ್ಸು ಅದರಿಂದ ಒಂದು ಗೇಣು ದೂರದಲ್ಲಿ ನಿಂತಿದೆ.