ಹೂವಲ್ಲ, ಹೂಂ

ದಿನಕ್ಕೆ ಇನ್ನೂರು ಸಲ ಊರಿನವರನ್ನೆಲ್ಲ ‘ಕೇಳಿಸ್ತಾ? ಈಗ ಕೇಳಿಸ್ತಾ?’ ಎಂದು ವಿಚಾರಿಸುವ ಮನುಷ್ಯನನ್ನು, ಮನೆಗೆ ಬಂದ ಮೇಲೆ ಹೆಂಡತಿ ‘ರೀ, ನಾನ್ ಹೇಳಿದ್ದು ಕೇಳಿಸ್ತಾ?’ ಎಂದು ಕೇಳಿದರೆ ಅವನಿಗೆ ಎಷ್ಟು ಉರಿಯಬೇಕು, ನೀವೇ ಹೇಳಿ. ಕಿವಿ ಡಾಕ್ಟರಿಗೆ ಉರಿಯುತ್ತಿತ್ತು. (ಅವರು ಡಾಕ್ಟರಲ್ಲ, ಕಿವಿ ಮಿಷನ್ ರಿಪೇರಿ ಮಾಡುವವರು. ಆದರೆ ಅಂಗಡಿಗೆ ಬಂದವರು ಡಾಕ್ಟ್ರೇ ಎಂದಾಗ ಒಮ್ಮೆಯೂ ತಿದ್ದಿದವರಲ್ಲ.) ಹೆಂಡತಿಯ ಆ ಪ್ರಶ್ನೆಗೆ ಹದಿನಾರು ವರ್ಷಗಳಿಂದ ಅವರ ಬಳಿ ಇದ್ದದ್ದು ಒಂದೇ ಉತ್ತರ: ‘ಹೂಂ.’

ಅದು ಅಂಥಿಂಥ ಹೂಂ ಅಲ್ಲ. ಕಿವಿಯಿಂದ ಒಳಗೆ ಹೋದ ಮಾತು ಮಿದುಳಿನ ಕಡೆ ತಲೆಯೂ ಹಾಕದೆ, ಅಡ್ಡದಾರಿಯಲ್ಲಿ ಮೂಗಿಗೆ ಬಂದು ಹೊರಬೀಳುವ ಹೂಂ. ಅದರಲ್ಲಿ ಒಪ್ಪಿಗೆಯಿರುತ್ತಿತ್ತು, ಪ್ರೀತಿಯಿರುತ್ತಿತ್ತು, ಸ್ವಲ್ಪ ಆಕಳಿಕೆಯೂ ಇರುತ್ತಿತ್ತು. ಇರದಿದ್ದದ್ದು ಕೇಳಿಸಿಕೊಂಡದ್ದೊಂದೇ.

ಹೆಂಡತಿಯದು ಇದಕ್ಕೆ ತದ್ವಿರುದ್ಧದ ಕೆಲಸ. ಆಕೆ ಕೋರ್ಟಿನಲ್ಲಿ ಶೀಘ್ರಲಿಪಿ ಬರೆಯುವವರು. ವಕೀಲರು ಹೇಳಿದ್ದು, ಸಾಕ್ಷಿ ಹೇಳಿದ್ದು, ಸಾಕ್ಷಿ ಹೇಳಿಯೂ ಇಲ್ಲವೆಂದದ್ದು, ಎಲ್ಲವನ್ನೂ ಒಂದಕ್ಷರ ಬಿಡದೆ ಇಳಿಸಿಕೊಳ್ಳಬೇಕು. ತಾವು ಮಾತ್ರ ತುಟಿ ಪಿಟಕ್ಕೆನ್ನಬಾರದು. ಮನೆಗೆ ಬಂದು ಬಾಯಿ ಬಿಟ್ಟರೆ ಎದುರಿಗೆ ಈ ಹೂಂ.

ಇಂಥ ಸಂಸಾರವನ್ನು ಕಾಪಾಡಿಕೊಂಡು ಬಂದದ್ದು ಭಾನುವಾರದ ಪಾತ್ರದಾಟ. ಮಧ್ಯಾಹ್ನ ಮೂರಕ್ಕೆ ಊಟದ ಮೇಜು ಒರೆಸಿ, ಇಪ್ಪತ್ತು ಮುಖದ ದಾಳ ಇಟ್ಟರೆಂದರೆ ಮನೆಯವರೆಲ್ಲ ಎಲ್ಫರಾಗಿಬಿಡುತ್ತಿದ್ದರು. ಎಲ್ಫರೆಂದರೆ ಉದ್ದ ಕಿವಿಯ, ಸಾವಿರ ವರ್ಷ ಬಾಳುವ ಕಾಡಿನ ಜನ. ಕಥೆ ನಡೆಸುವವರು ಹೆಂಡತಿ. ಆ ಕಾಡು, ಅಲ್ಲಿನ ಶತ್ರು, ಅಲ್ಲಿನ ದೇವರು ಎಲ್ಲವೂ ಅವರೇ. ಉಳಿದವರು ತಮ್ಮ ತಮ್ಮ ಪಾತ್ರದ ಬಾಯಲ್ಲಿ ಮಾತಾಡಬೇಕು, ಅನುಮಾನ ಬಂದಲ್ಲಿ ದಾಳ ಉರುಳಿಸಬೇಕು. ಹೆಂಡತಿಯ ತಮ್ಮ, ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವವನು, ಇಲ್ಲಿ ಬಿಲ್ಲುಗಾರ. ಕಿವಿ ಡಾಕ್ಟರ ಅಮ್ಮ ಮಂತ್ರವಾದಿನಿ, ವಯಸ್ಸು ಒಂಬೈನೂರು. (ನಿಜವಾದ ವಯಸ್ಸು ಕೇಳಿದರೆ ಸಿಡಿಮಿಡಿಗೊಳ್ಳುವ ಅವರು ಒಂಬೈನೂರನ್ನು ಮಾತ್ರ ತಾವಾಗಿಯೇ ಸಂತೋಷದಿಂದ ಬರೆದುಕೊಂಡಿದ್ದರು.) ಇನ್ನು ಕಿವಿ ಡಾಕ್ಟರು? ಅವರು ಸಾಕ್ಷಾತ್ ಹಸಿರುಗಿವಿ ಮಹಾಯಾಜಕರು, ಸಮಸ್ತ ಎಲ್ಫ್ ಕುಲದ ಪೂಜಾಧುರಂಧರರು!

ಮಹಾಯಾಜಕರೆಂದರೆ ಅವರಿಗೆ ಪ್ರಾಣ. ವಾರವೆಲ್ಲ ಅಂಗಡಿಯಲ್ಲಿ ಗೂನಾಗಿ ಕೂತು, ಕಣ್ಣಿಗೆ ಕಾಣದ ಸ್ಕ್ರೂ ತಿರುಗಿಸುವ ಬೆನ್ನು ನೆಟ್ಟಗಾಗುತ್ತಿದ್ದದ್ದೇ ಭಾನುವಾರ. ಮೂರು ವರ್ಷ ಜತನದಿಂದ ಬೆಳೆಸಿದ ಪಾತ್ರ. ಪಾತ್ರ ಸತ್ತರೆ ಅದರ ವಯಸ್ಸು, ವರಗಳನ್ನೆಲ್ಲ ಬರೆದಿಟ್ಟ ಹಾಳೆಯನ್ನು ಹರಿದು ಕಸದ ಬುಟ್ಟಿಗೆ ಹಾಕುವುದು ಆ ಮನೆಯ ಕಾನೂನು. ಭಾಮೈದ ಹಾಗೆ ನಾಲ್ಕು ಸಲ ಸತ್ತು ಹುಟ್ಟಿದ್ದ. ಮಹಾಯಾಜಕರು ಒಮ್ಮೆಯೂ ಸತ್ತಿರಲಿಲ್ಲ, ಸಾಯುವ ಅಂದಾಜೂ ಅವರಿಗಿರಲಿಲ್ಲ.

ಆ ಭಾನುವಾರ ಮೇಜಿನ ಪಕ್ಕದಲ್ಲಿ ಕೋಟು ನೇತುಹಾಕುವ ಸ್ಟ್ಯಾಂಡು ಬಂದು ನಿಂತಿತ್ತು. ಅದಕ್ಕೆ ಬಟ್ಟೆಯ ಕ್ಲಿಪ್ಪಿನಿಂದ ಮೂರು ಹಸಿರು ಕಾಗದದ ಎಲೆಗಳನ್ನು ಸಿಕ್ಕಿಸಲಾಗಿತ್ತು. ಹೆಂಡತಿ ಗಂಟಲು ಸರಿಮಾಡಿಕೊಂಡರು.

“ಗದ್ದಲ ಭೂತಗಳ ಸೈನ್ಯ ಗುಡಿಯ ಬಾಗಿಲಿಗೆ ಬಂದಿದೆ. ನಿಮ್ಮನ್ನ ಕಾಪಾಡೋ ಶಕ್ತಿ ಇರೋದು ಈ ಮರದಲ್ಲಿರೋ ಕೇಳುವಮ್ಮನಿಗೆ ಮಾತ್ರ. ಅವಳಲ್ಲಿ ಉಳಿದಿರೋದು ಮೂರೇ ಎಲೆ. ಈಗ ಪೂಜೆ ಆಗ್ಬೇಕು.”

ಪೂಜೆ ಎಂದೊಡನೆ ಕಿವಿ ಡಾಕ್ಟರು ಎದ್ದು ನಿಂತು ಎರಡೂ ತೋಳು ಚಾಚಿದರು. “ಹೇ ವನದೇವತೆ! ಹೇ ಹರಿತಪತ್ರೆ! ಸ್ವೀಕರಿಸು ಈ ನಿನ್ನ ದಾಸನ ಸಹಸ್ರ ಪುಷ್ಪಗಳ...”

“ಕೂತ್ಕೊಳ್ಳಿ. ಎಲ್ಫರು ದೇವರಿಗೆ ಹೂ ಹಾಕಲ್ಲ,” ಎಂದರು ಹೆಂಡತಿ. “ಹೂಂ ಹಾಕ್ತಾರೆ.”

“ಏನು?”

“ಹೂವಲ್ಲ, ಹೂಂ. ಕೇಳುವಮ್ಮನ ಹತ್ರ ಯಾರೂ ಏನೂ ಬೇಡಲ್ಲ. ಅವಳು ಆಗ್ಲೇ ಕೇಳಿಸ್ಕೊಳ್ತಾ ಇರ್ತಾಳೆ, ಮಧ್ಯೆ ಬಾಯಿ ಹಾಕಬಾರದು. ಒಬ್ಬೊಬ್ಬರೂ ಎಡಗಡೆ ಕೂತೋರು ಹೋದ ಭಾನುವಾರದಿಂದ ಈಚೆಗೆ ಹೇಳಿದ ಮಾತನ್ನ ಅವರಿಗೇ ವಾಪಸ್ ಹೇಳ್ಬೇಕು. ಈ ಮೇಜಿನ ಮುಂದೆ, ಈ ಮನೇಲಿ, ಎಲ್ಲಿ ಹೇಳಿದ್ದಾದ್ರೂ ಸರಿ. ಸರಿಯಿದ್ರೆ ಅವರು ಹೂಂ ಅನ್ನಬೇಕು, ಅದೇ ಕೇಳುವಮ್ಮನಿಗೆ ಅರ್ಪಣೆ. ತಪ್ಪಾದ್ರೆ ಒಂದು ಎಲೆ ಉದುರುತ್ತೆ. ಮೂರೂ ಉದುರಿದ್ರೆ ಬಾಗಿಲು ಒಡೀತು ಅಂತ. ಬಾಗಿಲಿಗೆ ಎಲ್ಲರಿಗಿಂತ ಹತ್ರ ನಿಂತಿರೋದು ಮಹಾಯಾಜಕರು.”

ಮೊದಲು ಕಿವಿ ಡಾಕ್ಟರ ಅಮ್ಮನ ಸರದಿ, ಅವರ ಎಡಕ್ಕೆ ಭಾಮೈದ. ಅಮ್ಮ ಕಿವಿಯ ಮಿಷನ್ನನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. “ಬುಧವಾರ ಬಂದಾಗ ಹೇಳಿದೆ, ಓವನ್ನಿನ ಬಾಗಿಲು ಸರಿಯಾಗಿ ಮುಚ್ಚಲ್ಲ ಅಂತ. ಮಂಡಿ ನೋವು, ಆದ್ರೆ ಅಕ್ಕಂಗೆ ಹೇಳಬೇಡಿ ಅಂತ. ಆಮೇಲೆ ಎದುರು ಅಂಗಡಿ ಹುಡುಗಿ ನಕ್ಕಳು ಅಂತ.”

“ಅತ್ತೆ!” ಎಂದು ಭಾಮೈದ ಟೊಮೆಟೊ ಹಣ್ಣಿನಷ್ಟು ಕೆಂಪಾದ. ಆದರೂ ಪೂಜೆ ಪೂಜೆಯೇ; “ಹೂಂ” ಎಂದ. ಎಲೆ ಅಲುಗಲಿಲ್ಲ.

ಭಾಮೈದನ ಎಡಕ್ಕೆ ಕಿವಿ ಡಾಕ್ಟರು. ಅವನಿಗೆ ಕಷ್ಟವೇ ಆಗಲಿಲ್ಲ. “ಭಾವ ವಾರವೆಲ್ಲ ಹೇಳಿದ್ದು ಮೂರೇ. ‘ಸ್ಕ್ರೂ ಡ್ರೈವರ್ ಎಲ್ಲಿ?’, ‘ಇನ್ನೈದೇ ನಿಮಿಷ’, ಆಮೇಲೆ ‘ಹೂಂ’.”

ಕಿವಿ ಡಾಕ್ಟರು ಪ್ರತಿಭಟಿಸಲು ಬಾಯಿ ತೆರೆದರು. ಬೇರೇನು ಹೇಳಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದರು. ಬಾಯಿ ಮುಚ್ಚಿಕೊಂಡು “ಹೂಂ” ಎಂದರು.

ಈಗ ಅವರದೇ ಸರದಿ. ಎಡಕ್ಕೆ ತಿರುಗಿದರೆ ಅಲ್ಲಿ ಹೆಂಡತಿ. ಅವರ ಮುಂದೆ ಕೋರ್ಟಿನ ಶೀಘ್ರಲಿಪಿಯ ಪುಸ್ತಕ.

“ಅದ್ಯಾಕೆ ಇಲ್ಲಿ?”

“ಈ ವಾರ ಮನೇಲಿ ಆಡಿದ್ದೂ ಬರ್ಕೊಂಡಿದೀನಿ. ಅಭ್ಯಾಸಬಲ,” ಎಂದು ಹೆಂಡತಿ ಪೆನ್ಸಿಲಿನಿಂದ ಮೇಜು ಕುಟ್ಟತೊಡಗಿದರು. ಟಕ್. ಟಕ್. “ಭೂತಗಳು ಬಾಗಿಲು ಬಡೀತಿವೆ.”

ಕಿವಿ ಡಾಕ್ಟರು ಪುಸ್ತಕದೊಳಗೆ ಇಣುಕಿದರು, ಬರೇ ಗೀಟುಗಳೇ ಕಂಡವು. ಒಂದು ವಾರ ಪೂರ್ತಿ ಈಕೆ ಮಾತಾಡಿದ್ದಾಳೆ, ಅದು ಖಂಡಿತ. ತುಟಿ ಆಡಿದ್ದು ಕಣ್ಣಿಗೆ ಕಟ್ಟಿದಂತಿದೆ. ಧ್ವನಿ ಮಾತ್ರ ಹಾಳಾದ ಮಿಷನ್ನಿನ ಹಾಗೆ ಗುಂಯ್ ಎನ್ನುತ್ತಿದೆ. ಸರಿ, ಯಾವ ಮನೆಯಲ್ಲಾದರೂ ಯಾವ ಹೆಂಡತಿಯಾದರೂ ಹೇಳಿಯೇ ಹೇಳುವಂಥದ್ದು ಏನಾದರೂ ಇರಬೇಕಲ್ಲ!

“ಬರ್ತಾ ಹಾಲು ತನ್ನಿ ಅಂದೆ,” ಎಂದರು ಮಹಾಯಾಜಕರ ಗಾಂಭೀರ್ಯದಿಂದ.

ಹೆಂಡತಿ ಪುಟ ತಿರುವಿದರು. ಸೋಮವಾರ, ಮಂಗಳವಾರ, ಶನಿವಾರದವರೆಗೂ ಬೆರಳಾಡಿಸಿದರು. “ಈ ವಾರ ಹಾಲಿನ ಮಾತೇ ಎತ್ತಿಲ್ಲ ನಾನು. ಹೇಳಿ ಹೇಳಿ ಸಾಕಾಗಿ ಅತ್ತೇನೇ ತರ್ತಿದಾರೆ. ಎರಡು ತಿಂಗಳಾಯ್ತು.”

ಒಂದು ಎಲೆ ಕೆಳಗೆ ಬಿತ್ತು. ಭಾಮೈದ ಉಗುರು ಕಚ್ಚಿದ.

“ದಾಳ! ದಾಳ ಹಾಕ್ತೀನಿ!” ಎಂದು ಕಿವಿ ಡಾಕ್ಟರು ಬೇಡಿಕೊಂಡರು. “ಮಹಾಯಾಜಕರಿಗೆ ದಿವ್ಯಸ್ಮರಣೆಯ ವರ ಇದೆ. ಹಾಳೇಲಿ ಬರೆದಿದೆ, ನೋಡು!”

“ಹಾಕಿ.”

ದಾಳ ಉರುಳಿತು. ಇಪ್ಪತ್ತು! ಬೇಕೆಂದಾಗ ಎಂದೂ ಬೀಳದ ಇಪ್ಪತ್ತು! ಅಮ್ಮ ಚಪ್ಪಾಳೆ ತಟ್ಟಿದರು. ಹೆಂಡತಿ ತಲೆಯಾಡಿಸಿ, “ಸರಿ. ದಾಳ ನಿಮಗೆ ದಿವ್ಯದರ್ಶನ ಕೊಡುತ್ತೆ. ಮಂಗಳವಾರ ಸಂಜೆ. ನೀವು ಕೆಲಸದ ಕೋಣೇಲಿ ಮಿಷನ್ ಬಿಚ್ಕೊಂಡು ಕೂತಿದೀರಿ. ನಾನು ಬಾಗಿಲಲ್ಲಿ ನಿಂತಿದೀನಿ. ಏನೋ ಹೇಳ್ದೆ,” ಎಂದರು.

ನೆನಪಾಯಿತು! ಎಲ್ಲ ನೆನಪಾಯಿತು! ಹೊರಗಿನಿಂದ ಆಗಷ್ಟೇ ಬಂದಂತೆ ಹೆಂಡತಿಯ ಭುಜದಲ್ಲಿ ಚೀಲವಿತ್ತು. ಆಕೆ ಸುಮಾರು ಹೊತ್ತು ನಿಂತಿದ್ದಳು. ತಾನು ನಾಲ್ಕೈದು ಸಲ ಹೂಂ ಎಂದದ್ದೂ ನೆನಪಾಯಿತು. ಆಗ ಸ್ಕ್ರೂ ಕೈಜಾರಿ ಮೇಜಿನ ಎಡಗಾಲಿನ ಬಳಿ ಬಿದ್ದು, ಅಲ್ಲಿಂದ ಚಾಪೆಯ ಅಂಚಿಗೆ ಉರುಳಿದ್ದು ನೆನಪಾಯಿತು. ಆ ಸ್ಕ್ರೂವಿನ ಅಳತೆ ಸಹ ಬಾಯಲ್ಲಿತ್ತು. ಆಕೆ ಆಡಿದ್ದರಲ್ಲಿ ಮಾತ್ರ ಒಂದಕ್ಷರವೂ ನೆನಪಿಗೆ ಬರಲಿಲ್ಲ.

ದಿಕ್ಕು ತೋಚದೆ ಅಮ್ಮನ ಕಡೆ ನೋಡಿದರು. ಹೆತ್ತ ಕರುಳಲ್ಲವೇ! ಹೆಂಡತಿ ಎಲೆ ನೋಡುತ್ತಿದ್ದ ಹೊತ್ತಿಗೆ ಅಮ್ಮ ಬಲಗೈಯ ಮೂರು ಬೆರಳನ್ನು ಗಾಳಿಯಲ್ಲಿ ಒಂದಾದ ಮೇಲೊಂದು ಮೇಲೆ ಕೆಳಗೆ ಆಡಿಸಿ ತೋರಿಸಿದರು. ಕೆನ್ನೆಯನ್ನೂ ಉಬ್ಬಿಸಿದರು. ಬೆರಳು ಹತ್ತುತ್ತಿವೆ, ಇಳಿಯುತ್ತಿವೆ. ಕೆನ್ನೆ ಊದಿದೆ, ಅಂದರೆ ಏದುಸಿರು. ಹತ್ತಿ ಇಳಿದರೆ ಏದುಸಿರು ಬರುವುದು ಯಾವುದರಿಂದ? ಕಿವಿ ಡಾಕ್ಟರ ಮುಖ ಅರಳಿತು.

“ಮೆಟ್ಟಿಲು! ಮೆಟ್ಟಿಲು ಹತ್ತಿ ಸುಸ್ತಾಗುತ್ತೆ, ಕೆಳಗಡೆ ಮನೆ ನೋಡೋಣ ಅಂದೆ!”

ಅಮ್ಮ ಹಣೆ ಚಚ್ಚಿಕೊಂಡರು. ಎರಡನೆಯ ಎಲೆ ಬಿತ್ತು.

ಟಕ್ ಟಕ್ ನಿಂತಿತು. ಕಿವಿ ಡಾಕ್ಟರು ಹೆಂಡತಿಯ ಮುಖ ನೋಡಿದರು. ಅಲ್ಲಿ ಕಥೆ ಹೇಳುವವಳ ತುಂಟತನ ಇರಲಿಲ್ಲ. ಪೆನ್ಸಿಲು ಹಿಡಿದ ಬೆರಳು ಬಿಳಿಚಿಕೊಂಡಿತ್ತು. ಆಗ ಅವರಿಗೆ ನಿಜಕ್ಕೂ ಭಯವಾಯಿತು. ಎಂಥದೋ ದೊಡ್ಡ ಮಾತಿರಬೇಕು. ಕಾಯಿಲೆಯೋ? ವರ್ಗಾವಣೆಯೋ? ತನ್ನನ್ನು ಬಿಟ್ಟು ಹೋಗುತ್ತೇನೆ ಎಂದಳೋ? ಅದಕ್ಕೆ ತಾನು ಸ್ಕ್ರೂ ಹುಡುಕುತ್ತ ‘ಹೂಂ’ ಎಂದೆನೋ? ಮಹಾಯಾಜಕರು ಇದ್ದರೆಷ್ಟು, ಸತ್ತರೆಷ್ಟು! ಹದಿನಾರು ವರ್ಷ ಜೊತೆಗಿದ್ದವಳು ಬಾಗಿಲಲ್ಲಿ ನಿಂತು ಹೇಳಿದ್ದು ತನಗೆ ಗೊತ್ತಿಲ್ಲವಲ್ಲ ಎಂದು ನಾಚಿಕೆಯಾಯಿತು.

“ಅಕ್ಕಾ, ಭಾವಂಗೆ ಒಂದು ಸುಳಿವು...” ಎಂದ ಭಾಮೈದ.

“ಸುಮ್ನಿರು.”

ಅಂಗಡಿಗೆ ಬರುವ ಮುದುಕರು ಕೇಳಿಸದಿದ್ದರೂ ಕೇಳಿಸಿದಂತೆ ನಕ್ಕು ತಲೆಯಾಡಿಸುತ್ತಾರೆ. ಅಂಥವರಿಗೆಲ್ಲ ಕಿವಿ ಡಾಕ್ಟರು ದಿನಾ ಹೇಳುವ ಮಾತೊಂದಿತ್ತು: ‘ಕೇಳಿಸ್ದಿದ್ರೆ ಕೇಳಿಸ್ಲಿಲ್ಲ ಅನ್ನಿ, ನಾಚಿಕೆ ಬೇಡ.’ ಅದನ್ನು ತಾವೇ ಪಾಲಿಸಬೇಕಾಗುತ್ತದೆ ಎಂದು ಅವರಿಗೆ ಹೊಳೆದದ್ದು ಈಗ. ಮಹಾಯಾಜಕರ ನೆಟ್ಟನೆ ಬೆನ್ನು ತಾನಾಗಿಯೇ ಬಾಗಿತು.

“ಕೇಳಿಸ್ಲಿಲ್ಲ ಕಣೇ,” ಎಂದರು. “ಮಂಗಳವಾರ ನೀನು ಹೇಳಿದ್ದು ನಂಗೆ ಕೇಳಿಸ್ಲೇ ಇಲ್ಲ. ಸುಮ್ನೆ ಹೂಂ ಅಂದೆ. ಇನ್ನೊಂದ್ಸಲ ಹೇಳು.”

ಮೂರನೆಯ ಎಲೆಯತ್ತ ಹೋಗಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು. ನಿಧಾನವಾಗಿ ಕೆಳಗಿಳಿಯಿತು.

“ಕೇಳುವಮ್ಮನಿಗೆ ಇದಕ್ಕಿಂತ ದೊಡ್ಡ ಪೂಜೆ ಇಲ್ಲ,” ಎಂದರು. ಮಂಗಳವಾರದ ಪುಟ ತೆಗೆದರು. “ಸರಿ, ಓದ್ತೀನಿ. ಈ ಸಲನಾದ್ರೂ ಕೇಳಿಸ್ಕೊಳ್ಳಿ. ಕೊನೇಲಿ ಒಂದು ಹೂಂ ಬೇಕು. ಗುಡಿಯಲ್ಲಿ ಅಂದ ಹೂಂ ಅಂದ್ರೆ ಆಣೆ, ನೆನಪಿರಲಿ.”

ಕಿವಿ ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. ಅವರು ಆವತ್ತು ಕೇಳಿಸಿಕೊಂಡ ಹಾಗೆ ಎಲ್ಫ್ ಕುಲದಲ್ಲೂ ಯಾರೂ ಕೇಳಿಸಿಕೊಂಡಿರಲಿಕ್ಕಿಲ್ಲ. ಹೆಂಡತಿ ಕೋರ್ಟಿನಲ್ಲಿ ಓದುವ ಏರಿಳಿತವಿಲ್ಲದ ದನಿಯಲ್ಲಿ ಓದತೊಡಗಿದರು.

“‘ಇಡೀ ದಿನ ಬೇರೆಯವರ ಮಾತು ಬರೀತೀನಿ ರೀ. ಒಂದು ಸಲ ನಾನೂ ಜೋರಾಗಿ ಏನಾದ್ರೂ ಊದ್ಬೇಕು ಅನ್ಸಿದೆ. ಟ್ರಂಪೆಟ್ ಕಲೀಲಾ?’ ಉತ್ತರ, ‘ಹೂಂ.’ ‘ಮೇಷ್ಟ್ರು ಮನೆಗೇ ಬರ್ತಾರೆ. ನಿಮ್ಮ ಕೆಲಸದ ಕೋಣೇಲೇ ಪಾಠ ಇಟ್ಕೊಳ್ಳೋಣ್ವಾ?’ ‘ಹೂಂ.’ ‘ಒಬ್ಳೇ ಕಲಿಯೋಕೆ ಬೇಜಾರು. ನೀವೂ ಜೊತೇಲಿ ಸೇರ್ಕೊಳ್ತೀರಾ? ಇಬ್ರೂ ಒಟ್ಟಿಗೆ ಕೂತು ಏನಾದ್ರೂ ಮಾಡಿ ಎಷ್ಟು ದಿನ ಆಯ್ತು...’ ‘ಹೂಂ.’ ‘ನಿಮಗೆ ನನ್ನದಕ್ಕಿಂತ ದೊಡ್ಡ ವಾದ್ಯ ಬೇಕಾ?’ ‘ಹೂಂ.’”

ಅಮ್ಮ ಮತ್ತೆ ಆ ಮೂರು ಬೆರಳನ್ನು ಆಡಿಸಿ, ಕೆನ್ನೆ ಉಬ್ಬಿಸಿ ತೋರಿಸಿದರು. ಈಗ ಯಾರಿಗಾದರೂ ಅದು ಟ್ರಂಪೆಟ್ಟೇ.

ಕಿವಿ ಡಾಕ್ಟರು ಕೆಲಸದ ಕೋಣೆಯ ಬಾಗಿಲತ್ತ ನೋಡಿದರು. ಇಡೀ ಮನೆಯಲ್ಲಿ ನಿಶ್ಶಬ್ದವಾಗಿದ್ದ ಜಾಗ ಅದೊಂದೇ ಕೋಣೆ. ಬೇಡ ಎನ್ನೋಣವೆಂದು ಇತ್ತ ತಿರುಗಿದರು. ಹೆಂಡತಿ ಪುಸ್ತಕ ಮುಚ್ಚಿ ಅವರನ್ನೇ ನೋಡುತ್ತಿದ್ದರು. ‘ಇಬ್ರೂ ಒಟ್ಟಿಗೆ’ ಎಂಬ ಮಾತು ಇನ್ನೂ ಆ ಮುಖದಲ್ಲೇ ಇತ್ತು. ಕೊನೆಯ ಎಲೆ ಫ್ಯಾನಿನ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

“ಹೂಂ,” ಎಂದರು ಮಹಾಯಾಜಕರು, ಬಾಯಿ ತುಂಬ, ಮನಸ್ಸಿಟ್ಟು.

ಎಲ್ಫ್ ಕುಲ ಉಳಿಯಿತು. ಭೂತಗಳು ಕಾಲಿಗೆ ಬುದ್ಧಿ ಹೇಳಿದವು. ಭಾಮೈದ ಮೇಜು ಗುದ್ದಿ ಜೈಕಾರ ಹಾಕಿದ. ಅದೇ ಹೊತ್ತಿಗೆ ಬಾಗಿಲ ಗಂಟೆ ಹೊಡೆದುಕೊಂಡಿತು.

“ಯಾರದು?” ಎಂದು ಕಿವಿ ಡಾಕ್ಟರು ಬೆಚ್ಚಿದರು.

“ಮೇಷ್ಟ್ರು. ಭಾನುವಾರ ನಾಲ್ಕು ಗಂಟೆಯಿಂದ ಶುರು ಅಂದಿದ್ದೆ. ಅದಕ್ಕೂ ಹೂಂ ಅಂದಿದ್ರಿ, ಮುಂದಿನ ಪುಟದಲ್ಲಿದೆ.”

ಮೇಷ್ಟ್ರು ಕಂಕುಳಲ್ಲಿ ಒಂದು ಟ್ರಂಪೆಟ್ ಇಟ್ಟುಕೊಂಡು ಒಳಗೆ ಬಂದರು. ಅವರ ಹಿಂದೆ ಇಬ್ಬರು ಆಳುಗಳು, ಬಾಗಿಲಿಗೆ ಅಡ್ಡಡ್ಡ ಸಿಕ್ಕಿಕೊಂಡು, ಹಂಡೆಯಷ್ಟು ಅಗಲ ಬಾಯಿಯ ಹಿತ್ತಾಳೆಯ ವಾದ್ಯವೊಂದನ್ನು ಹೊತ್ತು ತಂದರು. ಅರ್ಧ ಗಂಟೆಯೊಳಗೆ ಸ್ಕ್ರೂಗಳ ಡಬ್ಬಿಯೆಲ್ಲ ಮಂಚದಡಿಗೆ ಹೋಗಿ, ಕೆಲಸದ ಕೋಣೆಗೆ ಎರಡು ಕುರ್ಚಿಗಳು ಬಂದವು. ಒಂದರಲ್ಲಿ ಹೆಂಡತಿ. ಇನ್ನೊಂದರಲ್ಲಿ ಹಿತ್ತಾಳೆ, ಅದರ ಹಿಂದೆ ಎಲ್ಲೋ ಕಿವಿ ಡಾಕ್ಟರು.

ಹೆಂಡತಿ ಮೊದಲ ಉಸಿರಿಗೇ ಕಿಟಕಿಯ ಗಾಜು ಅದುರುವಂಥ ಸ್ವರ ಹೊರಡಿಸಿದರು. ಹದಿನಾರು ವರ್ಷದಲ್ಲಿ ಆ ಮುಖದಲ್ಲಿ ಅಂಥ ಬೆಳಕನ್ನು ಕಿವಿ ಡಾಕ್ಟರು ಕಂಡಿರಲಿಲ್ಲ. ಅವರ ಮನಸ್ಸು ಕರಗಿತು. ಇನ್ನು ಮುಂದೆ ನೀನು ಆಡಿದ ಒಂದು ಮಾತನ್ನೂ ಬಿಡದೆ ಕೇಳಿಸಿಕೊಳ್ಳುತ್ತೇನೆ ಎಂದು ಈಗಲೇ, ಇಲ್ಲೇ ಹೇಳಿಬಿಡಬೇಕು ಎನ್ನಿಸಿತು. ಹಿತ್ತಾಳೆಯ ಪಕ್ಕದಿಂದ ಕತ್ತು ಹೊರಗೆ ಹಾಕಿದರು.

“ಕೇಳ್ತಾ ಇದೀಯಾ? ನಿನಗೊಂದು ಮುಖ್ಯವಾದ ಮಾತು ಹೇಳ್ಬೇಕು. ಮನಸ್ಸಿನಿಂದ ಹೇಳ್ತಿದೀನಿ ಕಣೇ...”

ಹೆಂಡತಿ ಟ್ರಂಪೆಟ್ಟಿನ ಗುಂಡಿಗಳ ಮೇಲೆ ಬೆರಳು ಜೋಡಿಸಿಕೊಳ್ಳುತ್ತ, ತಲೆ ಎತ್ತದೆ ಹೇಳಿದರು:

“ಹೂಂ.”