ನಾನು ಹೇಳದ ಹೂಂ

ಕೇಳಿಸಿಕೊಳ್ಳದೆಯೇ ‘ಹೂಂ’ ಅನ್ನುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಕೋಲಾರದಲ್ಲಿ ಇರಲಾರರು. ಹೆಂಡತಿ ಅಡುಗೆಮನೆಯಿಂದ ಅವಳ ಅಕ್ಕನ ಮನೆಯ ಸಮಾಚಾರ ಹೇಳುತ್ತಿದ್ದರೆ, ನಾನು ಇತ್ತ ಬಣ್ಣ ಕಲಸುತ್ತಲೇ ಸರಿಯಾದ ಜಾಗದಲ್ಲಿ ಹೂಂಗುಟ್ಟಬಲ್ಲೆ. ಡ್ರಾಯಿಂಗ್ ಮೇಷ್ಟ್ರಾದ ನನಗೆ ಶಾಲೆಯ ಮೀಟಿಂಗುಗಳೂ ಒಳ್ಳೆಯ ತಾಲೀಮು ಕೊಟ್ಟಿವೆ. ಹಾಗಾಗಿ, ನನ್ನ ಚಿತ್ರಪ್ರದರ್ಶನದ ಉದ್ಘಾಟನೆಗೆ ಕಥೆ ಹಾಡಲು ಬಂದ ಆವನಿ ಕಡೆಯ ಮುನಿಯಮ್ಮ, “ಹೂಂ ಅನ್ನೋರು ಒಬ್ರು ಬೇಕು ಸಾಮೀ” ಎಂದಾಗ ನಾನೇ ಹೋಗಿ ಅವರೆದುರಿನ ಚಾಪೆಯ ಮೇಲೆ, ಮೈಕಿನ ಮುಂದೆ ಕೂತೆ.

“ಮಧ್ಯ ನಿಲ್ಲಿಸ್ಬಾರ್ದು. ತವರಿಗೆ ಹೊರಟು ದಾರೀಲೇ ಸತ್ತೋದ ಸೊಸೆ ಕತೆ ಇದು. ಸತ್ತಿದ್ದು ಗೊತ್ತಿಲ್ದೆ ನಡೀತಾನೇ ಇರ್ತಾಳೆ ಆಯಮ್ಮ. ಹೂಂ ನಿಂತ್ರೆ ಅವ್ಳೂ ನಿಂತ್ಬಿಡ್ತಾಳೆ. ಆಮೇಲೆ ಈ ಜಾಗ ಬಿಟ್ಟು ಕದಲಲ್ಲ” ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಕಣ್ಣು ಮುಚ್ಚಿ ತಂಬೂರಿ ಮೀಟಿದರು.

ಸೊಸೆ ಮಾವಿನ ತೋಪು ದಾಟಿದಳು. ಬಂದವರೆಲ್ಲ ಮೊಬೈಲ್ ಎತ್ತಿ ಹಿಡಿದು ಮುನಿಯಮ್ಮನ ವಿಡಿಯೋ ಮಾಡುತ್ತಿದ್ದರೇ ಹೊರತು ನನ್ನ ಚಿತ್ರಗಳತ್ತ ಒಬ್ಬರೂ ತಿರುಗಲಿಲ್ಲ. ಆ ಹೊಟ್ಟೆಯುರಿಯಲ್ಲೇ ಹೂಂಗುಟ್ಟುತ್ತಿದ್ದಾಗ, ಮುಖ್ಯ ಅತಿಥಿಗಳ ಕಾರು ಗೇಟಿಗೆ ಬಂತೆಂದು ಯಾರೋ ಸನ್ನೆ ಮಾಡಿದರು. ಒಂದು ಚಿತ್ರವನ್ನಾದರೂ ಕೊಳ್ಳಬಹುದಾದ ಮನುಷ್ಯ! ಹಾರ ಹಿಡಿದು ಓಡಿದೆ.

ಹಾರ ಹಾಕುವಾಗ ಚಾಪೆಯ ನೆನಪಾಯಿತು. ಆದರೆ ಸ್ಪೀಕರಿನಲ್ಲಿ ಹಾಡು ನಿಂತಿರಲಿಲ್ಲ, ಪ್ರತಿ ಸಾಲಿನ ಕೊನೆಗೂ ಹೂಂ ಬರುತ್ತಿತ್ತು. ಪುಣ್ಯಾತ್ಮರು ಯಾರೋ ಹೋಗಿ ಕೂತರಲ್ಲ ಎಂದು ನಿಟ್ಟುಸಿರು ಬಿಟ್ಟೆ. ಇನ್ನೊಂದು ಹೂಂ ಕೇಳಿತು. ಸ್ವಲ್ಪ ಮೂಗಿನಿಂದ ಬರುವ ಆ ದನಿ ನನ್ನದೇ.

ಅತಿಥಿಗಳನ್ನು ಅಲ್ಲೇ ಬಿಟ್ಟು ಒಳಗೆ ಓಡಿದೆ. ಚಾಪೆ ಖಾಲಿ. ಅದರ ಮುಂದಿನ ಮೈಕಿನಲ್ಲಿ ಹೂಂ ಬರುತ್ತಲೇ ಇತ್ತು, ಜನ ವಿಡಿಯೋ ಮಾಡುತ್ತಲೇ ಇದ್ದರು. ಹೋಗಿ ಕೂರೋಣವೆಂದರೆ ಧೈರ್ಯ ಬರಲಿಲ್ಲ. ಯಾರದ್ದೋ ತೊಡೆಯ ಮೇಲೆ ಕೂತುಬಿಟ್ಟೇನೆಂಬ ಭಯ. ಎದ್ದುಹೋಗಿ ತಪ್ಪು ಮಾಡಿದೆನಲ್ಲ ಎಂದು ಕಂಬಕ್ಕೆ ಒರಗಿ ನಿಂತೆ. ಸೊಸೆ ತವರಿನ ಹೊಸ್ತಿಲು ದಾಟಿದ ಮೇಲೆಯೇ ಹಾಡೂ ಆ ಹೂಂ ದನಿಯೂ ನಿಂತದ್ದು.

ಮುನಿಯಮ್ಮ ಕಣ್ಣು ತೆರೆದು, ಹುಡುಕಿಕೊಂಡು ಬಂದು ನನ್ನ ಕೈ ಹಿಡಿದರು. “ಬಾಗಾ, ಬಲ್ ಚೆನ್ನಾಗಿ ಹೂಂ ಅಂದ್ರಿ ಸಾಮೀ. ಆಯಮ್ಮ ತವರಿನ ಬಾಗ್ಲು ತಟ್ಟಿದಾಗ ನಿಮ್ ಗಂಟ್ಲೇ ಒಡ್ದೋಯ್ತು. ಇಂಗೆ ಮನಸ್ಸಿಟ್ಟು ಕೇಳೋರು ಈಗ ಎಲ್ಲವ್ರೆ?”

ಅದು ನಾನಲ್ಲ ಎನ್ನಲು ಬಾಯಿ ತೆರೆದೆ. ಆದರೆ ಇಡೀ ಪ್ರದರ್ಶನದಲ್ಲಿ ನನ್ನ ಪಾಲಿಗೆ ಬಂದ ಮೆಚ್ಚುಗೆ ಅದೊಂದೇ.

“ಎಲ್ಲಾ ನಿಮ್ಮ ಆಶೀರ್ವಾದ ಅಮ್ಮಾ” ಎಂದು ಕೈಮುಗಿದೆ.