ಏಳನೇ ಹಾಡಿನ ಇನ್ನೊಂದು ದನಿ

ಏಳನೇ ಹಾಡಿನಲ್ಲಿ ಯಾರೋ ಹೆಂಗಸು ಗುನುಗುತ್ತಿದ್ದಳು.

ಹಾಡುಗಾರ ಮೊದಲು ತನ್ನ ಕಿವಿಯನ್ನೇ ನಂಬಲಿಲ್ಲ. ಹೆಡ್‌ಫೋನು ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡ. ಕಿಟಕಿ ಮುಚ್ಚಿದ, ಫ್ಯಾನು ಆರಿಸಿದ. ಎರಡನೇ ಚರಣ ಶುರುವಾಗುತ್ತಿದ್ದಂತೆ, ಬೆಕ್ಕು ಅಡುಗೆಮನೆಗೆ ನುಸುಳುವಷ್ಟು ಮೆತ್ತಗೆ, ಗಿಟಾರಿನ ಹಿಂದಿನಿಂದ ಆ ದನಿ ಬಂತು. ಅವನ ಜೊತೆಗೇ ಏರಿತು, ಜೊತೆಗೇ ಇಳಿಯಿತು. ಅವನು ತಡವರಿಸಿದ ಕಡೆ ಮಾತ್ರ ಅದು ತಡವರಿಸಲಿಲ್ಲ.

ಅವನ ಎರಡನೇ ಆಲ್ಬಂ ಅಂದು ಸಂಜೆಯೇ ಹೊರಬರಬೇಕಿತ್ತು. ವಾರವೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ಉಳಿದ ಹೊತ್ತಿನಲ್ಲಿ ಮಲಗುವ ಕೋಣೆಯಲ್ಲೇ ಮೈಕು ನಿಲ್ಲಿಸಿಕೊಂಡು, ತಾನೇ ಬರೆದು, ತಾನೇ ನುಡಿಸಿ, ತಾನೇ ಹಾಡುತ್ತಿದ್ದ. ಮೊದಲ ಆಲ್ಬಂ ಕೇಳಿದವರನ್ನೆಲ್ಲ ಒಂದೇ ಸೋಫಾದ ಮೇಲೆ ಕೂರಿಸಬಹುದಿತ್ತು, ಅವರಲ್ಲಿ ಒಬ್ಬ ಅವನೇ. ಆದರೂ ಕಟ್ಟಡದ ಜನ ಅವನಿಗೆ ‘ಆಲ್ಬಂ’ ಎಂದೇ ಹೆಸರಿಟ್ಟುಬಿಟ್ಟಿದ್ದರು. ಈ ಸಲ ಹಾಗಾಗದು ಎಂಬ ಧೈರ್ಯ ಅವನಿಗೆ ಬಂದದ್ದೇ ಏಳನೇ ಹಾಡಿನಿಂದ. ಬೇಸಗೆಯ ಒಂದು ಮಧ್ಯಾಹ್ನ ಸೆಕೆ ತಡೆಯಲಾಗದೆ ಬರಿಯ ನೆಲದ ಮೇಲೆ ಮಲಗಿದ್ದಾಗ ಆ ರಾಗ ತಾನಾಗಿ ತಲೆಯೊಳಗೆ ಬಂದು ಕೂತಿತ್ತು.

ಅಂಥ ಹಾಡಿನೊಳಗೆ ಈಗ ಇನ್ಯಾರೋ ಬಂದು ಕೂತಿದ್ದಾರೆ!

ಅವನು ಹೆಂಡತಿಯನ್ನು ಕೂಗಿದ. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಯಾವುದನ್ನೂ ಪರೀಕ್ಷಿಸದೆ ನಂಬುವವಳಲ್ಲ. ಹೆಡ್‌ಫೋನು ಹಾಕಿಕೊಂಡು ಹುಬ್ಬು ಗಂಟಿಕ್ಕಿದಳು.

“ಯಾರ್ರೀ ಇವಳು?”

“ಗೊತ್ತಿಲ್ಲ ಕಣೇ.”

“ನಿಮ್ಮ ಕೋಣೇಲಿ, ನಿಮ್ಮ ಮೈಕಿನ ಮುಂದೆ, ನಿಮ್ಮ ಹಾಡು ಹಾಡ್ತಿದಾಳೆ. ನಿಮಗೆ ಗೊತ್ತಿಲ್ಲ.”

“ನಿನ್ನಾಣೆಗೂ ಗೊತ್ತಿಲ್ಲ. ನಾನೊಬ್ಬನೇ ಇದ್ದೆ.”

ಅವಳು ಇನ್ನೊಂದು ಸಲ ಕೇಳಿದಳು. ಮೂರನೇ ಸಲ ಕೇಳುವಾಗ ಕಣ್ಣು ಮುಚ್ಚಿಕೊಂಡಳು. “ಯಾರಾದ್ರೂ ಆಗ್ಲಿ, ಎಷ್ಟು ಚೆನ್ನಾಗಿ ಹಾಡ್ತಾಳಲ್ರೀ!” ಎಂದಳು. ಅನುಮಾನಕ್ಕಿಂತ ಆ ಮಾತೇ ಅವನಿಗೆ ಹೆಚ್ಚು ಚುಚ್ಚಿತು.

ಅದನ್ನು ಬದಿಗಿಟ್ಟು ಹೊಸದಾಗಿ ಹಾಡಿ ನೋಡಿದ. ಆ ದನಿಯಿಲ್ಲದ ಹಾಡು ಗ್ಯಾಸು ಹೋದ ಸೋಡಾದ ಹಾಗಿತ್ತು. ಬೇರೆ ದಾರಿಯಿರಲಿಲ್ಲ, ದನಿಯ ಒಡತಿಯನ್ನು ಹುಡುಕಿ ಒಪ್ಪಿಗೆ ಕೇಳಲೇಬೇಕು. ಒಪ್ಪಿಗೆಯ ಮಾತಿರಲಿ, ಅವಳು ಯಾರು ಎಂಬ ಕುತೂಹಲವೇ ಅವನನ್ನು ಕೂರಲು ಬಿಡಲಿಲ್ಲ.

ಅವನು ಮಾಡಿದ ತಪ್ಪು ಎಂದರೆ ಕಟ್ಟಡದ ಕಾರ್ಯದರ್ಶಿಯ ಬಾಗಿಲು ತಟ್ಟಿದ್ದು. ಕಾರ್ಯದರ್ಶಿ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಕೂಗಿ ನಿವೃತ್ತರಾದವರು. ಗಂಟಲು ಇನ್ನೂ ನಿವೃತ್ತವಾಗಿರಲಿಲ್ಲ. ವಿಷಯ ಕೇಳಿದ್ದೇ ಲುಂಗಿ ಬಿಚ್ಚಿ ಪ್ಯಾಂಟು ಹಾಕಿಕೊಂಡು ಮೆಟ್ಟಿಲ ನಡುವೆ ನಿಂತರು.

“ಗಮನಿಸಿ! ನಮ್ಮ ಆಲ್ಬಂ ಅವರ ಹಾಡಿನಲ್ಲಿ ಅನುಮತಿ ಇಲ್ಲದೆ ಗುನುಗಿದ ಮಹಿಳೆಯರು ಕೂಡಲೇ ಮೆಟ್ಟಿಲ ಬಳಿ ಬರಬೇಕು!”

ಭಾನುವಾರ. ಎಲ್ಲರೂ ಮನೆಯಲ್ಲೇ ಇದ್ದರು. ಗುನುಗಿದವರೂ ಗುನುಗದವರೂ ಬಾಗಿಲು ತೆರೆದುಕೊಂಡು ಬಂದರು.

“ನಾನಲ್ಲಪ್ಪ,” ಎಂದರು ಮೇಲಂತಸ್ತಿನ ಟೈಲರಮ್ಮ, ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡಿಸಿಕೊಂಡು.

“ನಾನೂ ಅಲ್ಲ, ನನ್ನ ಸೊಸೆಯೂ ಅಲ್ಲ. ಅವಳಿಗೆ ಮಾತಾಡೋಕೇ ಬಿಡುವಿಲ್ಲ,” ಎಂದರು ಎದುರು ಮನೆಯ ಅಜ್ಜಿ.

“ಸುಮ್ಮನೆ ಒಂದ್ಸಲ ಕೇಳಿ ನೋಡಿ,” ಎಂದು ಹಾಡುಗಾರ ಹೆಡ್‌ಫೋನು ಕೊಟ್ಟ.

ಅಲ್ಲಿಂದ ಕತೆ ಕೆಟ್ಟಿತು. ಕೇಳುವ ಮೊದಲು ಎಲ್ಲರೂ ‘ನಾನಲ್ಲ’ ಎನ್ನುತ್ತಿದ್ದರು. ಕೇಳಿದ ಮೇಲೆ ಒಬ್ಬೊಬ್ಬರೂ ‘ನಾನೇ’ ಎನ್ನತೊಡಗಿದರು.

“ಇದು ನನ್ನ ದನೀನೇ!” ಟೈಲರಮ್ಮನ ಕಣ್ಣು ಅರಳಿತು. “ಹೊಲಿಯೋವಾಗ ಏನೋ ಗುನುಗ್ತಾ ಇರ್ತೀನಿ.”

“ಮದುವೆ ಆದಾಗಿಂದ ನನ್ನೆದುರು ಒಂದು ದಿನಾನೂ ಗುನುಗಿಲ್ವಲ್ಲೇ?” ಎಂದು ಅವರ ಗಂಡ ಮೇಲಿನ ಮೆಟ್ಟಿಲಿನಿಂದ ಕೇಳಿದರು.

“ನಿಮ್ಮೆದುರು ಗುನುಗೋಕೆ ಏನಿದೆ?”

“ಕೊಡಮ್ಮ ಇಲ್ಲಿ,” ಅಜ್ಜಿ ಹೆಡ್‌ಫೋನು ಕಿತ್ತುಕೊಂಡರು. “ಅಯ್ಯೋ, ಇದು ನಂದು! ಗಂಟಲು ಹಾಳಾಗೋ ಮುಂಚೆ ನಂದು ಹೀಗೇ ಇತ್ತು.”

“ಈ ವರ್ಷದ ದನಿ ಬೇಕು ಅಜ್ಜಿ,” ಎಂದ ಹಾಡುಗಾರ.

“ಒಬ್ಬೊಬ್ಬರಾಗಿ ಗುನುಗಿ ತೋರಿಸಿ! ಸಾಲಾಗಿ ಬನ್ನಿ!” ಕಾರ್ಯದರ್ಶಿ ಕೂಗಿದರು. ಯಾರೂ ಸಾಲಾಗಿ ಬರಲಿಲ್ಲ. ಎಲ್ಲರೂ ಒಟ್ಟಿಗೇ ಗುನುಗಿದರು. ಮೆಟ್ಟಿಲೆಲ್ಲ ಜೇನುಗೂಡಿಗೆ ಕಲ್ಲು ಹೊಡೆದಂತಾಯಿತು. ಹಾಡುಗಾರನ ಹೆಂಡತಿ ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿಯಿಟ್ಟು “ಅಲ್ಲ. ಇದೂ ಅಲ್ಲ. ಮುಂದೆ,” ಎನ್ನುತ್ತ ಬಂದಳು. ತಿರಸ್ಕೃತರಾದವರು ಇನ್ನೊಮ್ಮೆ ಕೇಳಬೇಕೆಂದು ಹೆಡ್‌ಫೋನಿಗೆ ಕೈ ಹಾಕಿದರು. ಟೈಲರಮ್ಮ ಒಂದು ಕಿವಿ ಹಿಡಿದರು, ಅಜ್ಜಿ ಇನ್ನೊಂದು. ಅದರ ತಂತಿ ಹಾಡುಗಾರನ ಜೇಬಿನ ಫೋನಿಗೆ ಸಿಕ್ಕಿಕೊಂಡಿತ್ತು. ಇಬ್ಬರೂ ಜಗ್ಗಿದ ರಭಸಕ್ಕೆ ಅವನು ಗಾಳಿಪಟದಂತೆ ಒಮ್ಮೆ ಅತ್ತ ಹೋಗಿ, ಒಮ್ಮೆ ಇತ್ತ ಬಂದು, ಕಾಲು ಜಾರಿ, ಮೆಟ್ಟಿಲ ಕಂಬಿಗೆ ಬಾಯಿ ಬಡಿಸಿಕೊಂಡ.

ಮೇಲಿನ ಹಲ್ಲೊಂದು ಬಾಗಿಲ ಚಿಲಕದಂತೆ ಅಲ್ಲಾಡತೊಡಗಿತು.

ಪುಣ್ಯಕ್ಕೆ ಹಲ್ಲಿನ ದವಾಖಾನೆ ಅದೇ ಕಟ್ಟಡದ ಕೆಳಗಿತ್ತು, ಸರಿಯಾಗಿ ಅವನ ಮನೆಯ ಅಡಿಗೇ. ಹೆಗಲ ಮೇಲೆ ಹೊರಲಿಲ್ಲ ಎನ್ನುವುದೊಂದೇ ಕೊರತೆ, ಜನ ಅವನನ್ನು ಮೆರವಣಿಗೆಯಲ್ಲೇ ತಂದು ಒಳಗೆ ಬಿಟ್ಟರು. ಭಾನುವಾರವೇ ಅಲ್ಲಿ ಹೆಚ್ಚು ಜನ. ಡಾಕ್ಟರಮ್ಮ ಮುಖಕ್ಕೆ ಮಾಸ್ಕು ಹಾಕಿಕೊಂಡೇ ಅವನನ್ನು ಕುರ್ಚಿಗೆ ಒರಗಿಸಿದರು.

“ಬಾಯಿ ತೆಗೀರಿ. ಇನ್ನೂ ದೊಡ್ಡದಾಗಿ. ಹಾಡೋವಾಗ ತೆಗೆಯೋ ಹಾಗೆ.”

ಇಂಜೆಕ್ಷನ್ ಆಯಿತು. ಮೇಲ್ದುಟಿ ಬನ್ನಿನಂತೆ ಉಬ್ಬಿ ಬೇರೆ ಯಾರದೋ ಆಯಿತು. ಡಾಕ್ಟರಮ್ಮ ಸಣ್ಣ ಕನ್ನಡಿ ಹಿಡಿದು ಬಗ್ಗಿ, ಕೆಲಸದ ಗುಂಗಿನಲ್ಲಿ ಮೆಲ್ಲಗೆ ಗುನುಗಲು ಶುರುಮಾಡಿದರು.

ಏಳನೇ ಹಾಡು!

“ಆ! ಆಆ! ಆಆಆ!” ಹಾಡುಗಾರ ಕುರ್ಚಿಯಲ್ಲೇ ಕುಪ್ಪಳಿಸಿದ.

“ನೋವಾಯ್ತಾ? ಇನ್ನೂ ಮುಟ್ಟೇ ಇಲ್ವಲ್ಲ.”

ಅವನು ಬಾಯಿಂದ ಹತ್ತಿ ಉಗುಳಿ, ಫೋನು ಎಳೆದು, ಹಾಡು ಹಾಕಿದ. ಡಾಕ್ಟರಮ್ಮ ಮಾಸ್ಕು ಇಳಿಸಿ ಕಿವಿಗೊಟ್ಟರು.

“ಅರೆ, ಇದು ನಾನು! ಇದೆಲ್ಲಿ ಸಿಕ್ತು ನಿಮಗೆ?”

ಹಾಡುಗಾರನ ಕಣ್ಣಲ್ಲಿ ನೀರು ಬಂತು. ಕೊನೆಗೂ ಒಬ್ಬ ಅಭಿಮಾನಿ! ತನ್ನ ಹಾಡನ್ನು ಮೇಲಿನಿಂದ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿರುವ ಜೀವ! “ನನ್ನ ಹಾಡು... ನೀವು ಇಷ್ಟು ಚೆನ್ನಾಗಿ... ಕಲಿತಿದೀರ,” ಎಂದು ತೊದಲಿದ.

“ನಿಮ್ಮ ಹಾಡಾ?” ಡಾಕ್ಟರಮ್ಮ ರಸೀದಿ ಬರೆಯುವ ಹೆಂಗಸಿನ ಮುಖ ನೋಡಿದರು. ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದಳು.

“ಹೇಳ್ಲಾ ಬೇಡ್ವಾ ಗೊತ್ತಾಗ್ತಿಲ್ಲ,” ಎಂದರು ಡಾಕ್ಟರಮ್ಮ. “ನೀವು ಮೊದಲನೇ ಆಲ್ಬಂ ಅಭ್ಯಾಸ ಮಾಡ್ತಿದ್ರಲ್ಲ, ಆಗ ಇಲ್ಲಿ ಪೇಶೆಂಟುಗಳು ಒಬ್ಬೊಬ್ಬರೇ ಎದ್ದು ಹೋಗೋಕೆ ಶುರುಮಾಡಿದ್ರು. ಒಳಗಿನ ಕೋಣೇಲಿ ಯಾರಿಗೋ ಹಲ್ಲು ಕೀಳ್ತಿದಾರೆ ಅಂದ್ಕೊಳ್ಳೋರು. ಅವರ ಗಮನ ಬೇರೆ ಕಡೆ ಇರಲಿ ಅಂತ ನಾನೇ ಏನೋ ಒಂದು ರಾಗ ಕಟ್ಕೊಂಡು ಗುನುಗೋಕೆ ಶುರುಮಾಡ್ದೆ. ಅಲ್ಲಿಂದ ಅದೇ ಅಭ್ಯಾಸ ಆಗೋಯ್ತು.”

ಹಾಡುಗಾರನ ಬಾಯಿ ಹೇಳದೆಯೇ ತೆರೆದುಕೊಂಡಿತು. ಆ ಬೇಸಗೆ, ಆ ಮಧ್ಯಾಹ್ನ, ಕಿವಿಗೆ ಒತ್ತಿದ್ದ ಆ ತಣ್ಣನೆಯ ನೆಲ! ಆ ದನಿ ಅವನನ್ನು ಹಿಂಬಾಲಿಸಿರಲಿಲ್ಲ. ಅವನೇ ಆ ದನಿಯನ್ನು ಹಿಂಬಾಲಿಸಿದ್ದ, ಅದೂ ತಡವರಿಸುತ್ತ.

“ಸಂಜೆ... ಬಿಡುಗಡೆ,” ಎಂದ, ಅಳುವ ದನಿಯಲ್ಲಿ. “ಎಲ್ಲರಿಗೂ ಹೇಳಿಬಿಟ್ಟಿದೀನಿ.”

ಡಾಕ್ಟರಮ್ಮ ಒಳ್ಳೆಯವರು. “ಅಳಬೇಡಿ, ಹಾಕ್ಕೊಳ್ಳಿ. ನನಗೇನು?” ಎಂದು ಹಾಡನ್ನು ಇನ್ನೊಮ್ಮೆ ಪೂರ್ತಿ ಕೇಳಿದರು. ಬಾಗಿಲಲ್ಲಿ ಇಣುಕುತ್ತಿದ್ದವರೆಲ್ಲ ಉಸಿರು ಬಿಗಿಹಿಡಿದು ಕೇಳಿದರು. “ಚೆನ್ನಾಗೇ ಇದೆ. ಒಂದೇ ತೊಂದರೆ. ಮಧ್ಯೆ ಮಧ್ಯೆ ನಿಮ್ಮ ದನಿ ಅಡ್ಡ ಬರ್ತಿದೆ. ಸ್ವಲ್ಪ ಕಮ್ಮಿ ಮಾಡೋಕಾಗುತ್ತಾ?”

“ಹೌದು, ಅದೇ ನನಗೂ ಅನಿಸ್ತಿತ್ತು,” ಎಂದಳು ಅವನ ಹೆಂಡತಿ.

ಹೊಸದಾಗಿ ಹಾಡೋಣವೆಂದರೆ ತುಟಿಯೇ ತನ್ನದಲ್ಲ. ಹಲ್ಲು ಭದ್ರಮಾಡಿಸಿಕೊಂಡು, ಬಾಯ್ತುಂಬ ಹೊಸ ಹತ್ತಿ ಇಟ್ಟುಕೊಂಡು ಮನೆಗೆ ಬಂದು ಅವನು ಕಂಪ್ಯೂಟರಿನ ಮುಂದೆ ಕೂತ; ನೆಲದಡಿಯಿಂದ ಬಂದು ಗಿಟಾರಿನ ಜೊತೆ ದಾಖಲಾಗಿದ್ದ ದನಿಯನ್ನು ಹಾಗೇ ಬಿಟ್ಟು, ತನ್ನ ದನಿಯನ್ನು ಒಂಚೂರು ಇಳಿಸಿದ. ಹೆಂಡತಿ ಹಿಂದೆ ನಿಂತು ಕೇಳಿ, “ಇನ್ನೂ ಸ್ವಲ್ಪ,” ಎಂದಳು. ಇಳಿಸಿದ. “ಇನ್ನೂ ಸ್ವಲ್ಪ ರೀ.” ಇಳಿಸಲು ಇನ್ನೇನೂ ಉಳಿಯದಾದಾಗ ಅವಳು ತಲೆಯಾಡಿಸಿದಳು. ಹೊತ್ತಿಗೆ ಸರಿಯಾಗಿ ಆಲ್ಬಂ ಹೊರಬಂತು.

ಕತ್ತಲಾಗುವ ಮುನ್ನವೇ ಅಕ್ಕನ ಫೋನು. ಮೊದಲ ಆಲ್ಬಂ ಬಂದಾಗ ಮೂರು ತಿಂಗಳು ಮಾತು ಬಿಟ್ಟಿದ್ದವಳು, ಈಗ ಗದ್ಗದಿತಳಾಗಿದ್ದಳು.

“ಏಳನೇ ಹಾಡು ಕೇಳ್ದೆ ಕಣೋ. ಎಷ್ಟು ಸಣ್ಣ ದನಿ, ಎಷ್ಟು ನಯ! ಕೊನೆಗೂ ಹಾಡೋದು ಕಲಿತುಬಿಟ್ಯಲ್ಲೋ! ಇನ್ಮೇಲೆ ಎಲ್ಲಾ ಹಾಡನ್ನೂ ಹೀಗೇ ಹಾಡು, ಆಯ್ತಾ?”

ಹಾಡುಗಾರ ಎಲ್ಲವನ್ನೂ ಬಿಡಿಸಿ ಹೇಳಬೇಕೆಂದು ಬಾಯಿ ತೆರೆದ. ಹತ್ತಿ ತುಂಬಿದ ಬಾಯಿಂದ ಹೊರಬಂದದ್ದು ಒಂದೇ:

“ಹೂಂ.”